ಹಳೆ ಏರ್‌ಸ್ಟ್ರೀಮ್ ಟ್ರೇಲರ್‌ಗೆ ಹೊಸ ನೆಲ, ಹೊಸ ನೀರಿನ ಟ್ಯಾಂಕ್: ಕೆಲಸ ಯಾವ ಕ್ರಮದಲ್ಲಿ ಆಗಬೇಕು

ಅಮೆರಿಕದಲ್ಲಿ ಹೊಸ ಟ್ರಾವೆಲ್ ಟ್ರೇಲರ್, ಅಂದರೆ ಗಾಡಿಯ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ, ಕೊಳ್ಳುವುದು ದುಬಾರಿಯ ಮಾತು. ಹಾಗಾಗಿ ಯೆಲ್ಲೋಸ್ಟೋನ್, ಗ್ರ್ಯಾಂಡ್ ಕ್ಯಾನಿಯನ್ ಅಂತ ಮಕ್ಕಳನ್ನು ಕರೆದುಕೊಂಡು ಸುತ್ತುವ ಆಸೆ ಇರುವ ನಮ್ಮ ಕನ್ನಡಿಗರು ಕೆಲವರು 1960–70ರ ದಶಕದ ಏರ್‌ಸ್ಟ್ರೀಮ್ ಕಂಪನಿಯ ಹಳೆ ಟ್ರೇಲರ್ ಹುಡುಕಿ ತರುತ್ತಾರೆ. ಹೊರಗೆ ಅಲ್ಯೂಮಿನಿಯಂ ಮೈ ಇನ್ನೂ ಗಟ್ಟಿಮುಟ್ಟಾಗಿರುತ್ತದೆ. ಒಳಗೆ ಹೋಗಿ ಬಾತ್‌ರೂಮಿನ ಹತ್ತಿರ ಕಾಲಿಟ್ಟರೆ ನೆಲ ಮೆತ್ತಗೆ ಕುಸಿಯುತ್ತದೆ. ಕೆಳಗಿರುವ ಟ್ಯಾಂಕುಗಳು ಬಿರುಕು ಬಿಟ್ಟಿರುತ್ತವೆ, ಇಲ್ಲವೇ ಸಿಂಕಿನ ನೀರು ಹಿಡಿಯುವ ಗ್ರೇ ಟ್ಯಾಂಕ್ ಅನ್ನುವುದೇ ಇರುವುದಿಲ್ಲ.

ನೆಲ ಒಂದು ಕೆಲಸ, ಟ್ಯಾಂಕ್ ಇನ್ನೊಂದು ಕೆಲಸ ಅಂತ ಬೇರೆ ಬೇರೆ ಮಾಡಲು ಹೊರಟವರಿಗೆ ಎರಡೂ ಎರಡೆರಡು ಸಲ ಆಗುತ್ತದೆ. ಟ್ಯಾಂಕ್ ಕೂರುವುದು ನೆಲದ ಅಡಿಯಲ್ಲಿ, ಫ್ರೇಮಿನ ಕಂಬಿಗಳ ನಡುವೆ. ಟಾಯ್ಲೆಟ್ಟಿನ ಪೈಪ್ ನೆಲವನ್ನು ತೂತು ಮಾಡಿಕೊಂಡು ಇಳಿಯಬೇಕು. ಟ್ಯಾಂಕಿನ ಭಾರ ಹೊರುವ ಕಬ್ಬಿಣದ ತೊಟ್ಟಿಲನ್ನು ವೆಲ್ಡ್ ಮಾಡುವುದಕ್ಕೆ ಮೇಲೆ ಪ್ಲೈವುಡ್ ಇರಬಾರದು. ಆದ್ದರಿಂದ ಮೊದಲ ಹಲಗೆ ಕತ್ತರಿಸುವ ಮುಂಚೆಯೇ ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಆಚೆ ಹೋಗುತ್ತದೆ ಅನ್ನುವುದು ಕಾಗದದ ಮೇಲೆ ಬರೆದಿರಬೇಕು.

ಎಷ್ಟು ಹಾಳಾಗಿದೆ ಅಂತ ತಿಳಿಯುವುದು

ಒಂದು ದಬ್ಬಳ ತೆಗೆದುಕೊಳ್ಳಿ. ಬಾಗಿಲ ಬುಡ, ಚಕ್ರದ ಗೂಡಿನ ಸುತ್ತ, ನಾಲ್ಕು ಮೂಲೆ, ಹಿಂಬದಿಯ ಗೋಡೆಯ ಅಂಚು, ಕಿಟಕಿಗಳ ಕೆಳಗೆ ಚುಚ್ಚುತ್ತಾ ಹೋಗಿ. ಗಟ್ಟಿ ಪ್ಲೈವುಡ್‌ನಲ್ಲಿ ದಬ್ಬಳದ ತುದಿ ಮಾತ್ರ ಇಳಿದು ನಿಲ್ಲುತ್ತದೆ. ಲಡ್ಡಾಗಿರುವ ಕಡೆ ಬೆರಳಿನ ಒತ್ತಡಕ್ಕೇ ಅರ್ಧ ಇಂಚು ಒಳಗೆ ಹೋಗುತ್ತದೆ, ಎಳೆದರೆ ಪದರಗಳು ನೆನೆದ ಹಪ್ಪಳದ ಹಾಗೆ ಬಿಡಿಸಿಕೊಂಡು ಬರುತ್ತವೆ. ತೇವದ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಮರದಲ್ಲಿ ತೇವ ಶೇ. 20ರ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ. ಅದಕ್ಕಿಂತ ಮೇಲೆ ತೋರಿಸಿದರೆ ನೀರು ಈಗಲೂ ಎಲ್ಲಿಂದಲೋ ಬರುತ್ತಿದೆ ಅಂತಲೇ ಅರ್ಥ.

ಏರ್‌ಸ್ಟ್ರೀಮ್‌ನಲ್ಲಿ ತಪ್ಪದೆ ಮಾಡಬೇಕಾದ ಇನ್ನೊಂದು ಪರೀಕ್ಷೆ ಹಿಂಬದಿಯ ಬಂಪರಿನದು. ಒಬ್ಬರು ಬಂಪರ್ ಮೇಲೆ ನಿಂತು ಮೆಲ್ಲಗೆ ಮೇಲೆ ಕೆಳಗೆ ತೂಗಲಿ. ಇನ್ನೊಬ್ಬರು ಅಲ್ಯೂಮಿನಿಯಂ ಮೈಯ ಕೆಳಅಂಚು ಬಂಪರ್ ಹತ್ತಿರ ಸೇರುವ ಜಾಗವನ್ನು ಗಮನಿಸಲಿ. ಎರಡೂ ಒಟ್ಟಿಗೆ ಕುಸಿದು ಎದ್ದರೆ ಸರಿ. ಬಂಪರ್ ಮಾತ್ರ ಕೆಳಗಿಳಿದು ನಡುವೆ ಬಿರುಕು ತೆರೆದುಕೊಂಡರೆ ಹಿಂಬದಿಯ ನೆಲ ಕೊಳೆತು, ಮೈ ಮತ್ತು ಫ್ರೇಮ್ ಪರಸ್ಪರ ಕಳಚಿಕೊಂಡಿವೆ. ಈ ಟ್ರೇಲರ್‌ಗಳಲ್ಲಿ ಪ್ಲೈವುಡ್ ಬರೀ ನಡೆದಾಡುವ ಹಾಸು ಅಲ್ಲ. ಮೈಯ ಬುಡದಲ್ಲಿ ಸುತ್ತಲೂ ಅಲ್ಯೂಮಿನಿಯಂ ಚಾನೆಲ್ (ತೋಡಿನಾಕಾರದ ಪಟ್ಟಿ) ಇದೆ, ಅದರ ಅಡಿಯಲ್ಲಿ ಪ್ಲೈವುಡ್, ಅದರಡಿ ಉಕ್ಕಿನ ಫ್ರೇಮ್. ಮೂರನ್ನೂ ಒಂದೇ ಬೋಲ್ಟ್ ಹಿಡಿದಿರುತ್ತದೆ. ನಡುವಿನ ಪ್ಲೈವುಡ್ ಪುಡಿಯಾದರೆ ಬೋಲ್ಟ್ ಹಿಡಿಯುವುದಕ್ಕೆ ಏನೂ ಉಳಿಯುವುದಿಲ್ಲ. ಮೇಲೆ ಹೊಸ ವಿನೈಲ್ ಹಾಸಿ "ನೆಲ ರಿಪೇರಿ ಆಗಿದೆ" ಅಂತ ಮಾರುವವರಿದ್ದಾರೆ. ಕೊಳ್ಳುವ ಮುಂಚೆಯೇ ಈ ಪರೀಕ್ಷೆ ಮಾಡಿ.

ಮೊದಲು ಸೋರಿಕೆ ನಿಲ್ಲಬೇಕು

ನೆಲ ತೆಗೆಯುವ ಅವಸರ ಬೇಡ. ಒಬ್ಬರು ಹೊರಗಿನಿಂದ ಹೋಸ್ ಹಿಡಿದು ಕೆಳಗಿನಿಂದ ಮೇಲಕ್ಕೆ, ಒಂದೊಂದು ಜಾಗದಲ್ಲಿ ಕೆಲವು ನಿಮಿಷ ನೀರು ಬಿಡಲಿ. ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ನೋಡಲಿ. ಮೇಲಿಂದ ಶುರು ಮಾಡಿದರೆ ಯಾವ ಸಂದಿಯಿಂದ ಬಂತು ಅಂತ ಗೊತ್ತಾಗುವುದಿಲ್ಲ. ಸೋರುವುದು ಸಾಮಾನ್ಯವಾಗಿ ಚಾವಣಿಯ ವೆಂಟ್, ಕಿಟಕಿಯ ಚೌಕಟ್ಟು, ಮೇಲಂಚಿನ ಸಣ್ಣ ದೀಪಗಳು, ಹಿಂದಿನ ಬಂಪರ್ ಪೆಟ್ಟಿಗೆ ಮೈಗೆ ಸೇರುವ ಸಂದಿ, ಇಷ್ಟರಲ್ಲಿ. ಹಳೆಯ ಸೀಲಂಟನ್ನು ಕೆರೆದು ತೆಗೆದು, ಚೌಕಟ್ಟಿನ ಅಡಿಗೆ ಬ್ಯುಟೈಲ್ ಟೇಪ್, ಸಂದಿಗಳಿಗೆ ಪಾಲಿಯುರೆಥೇನ್ ಸೀಲಂಟ್ ಹಾಕಿ. ಸಿಲಿಕೋನ್ ಬೇಡವೇ ಬೇಡ. ಅದು ಒಮ್ಮೆ ಅಂಟಿದ ಜಾಗಕ್ಕೆ ಆಮೇಲೆ ಬೇರೆ ಯಾವುದೂ ಸರಿಯಾಗಿ ಹಿಡಿಯುವುದಿಲ್ಲ.

ಟ್ಯಾಂಕಿನ ಜಾಗ ಗೊತ್ತು ಮಾಡುವುದು

ಈ ಲೇಖನದಲ್ಲಿ ಒಂದೇ ಭಾಗ ಎರಡು ಸಲ ಓದಬೇಕಿದ್ದರೆ ಇದನ್ನು ಓದಿ.

ಟ್ಯಾಂಕ್ ಮೂರು. ಕುಡಿಯುವ ಮತ್ತು ಬಳಸುವ ಶುದ್ಧ ನೀರಿನದು; ಸಿಂಕ್, ಷವರ್ ನೀರು ಹಿಡಿಯುವ ಗ್ರೇ; ಟಾಯ್ಲೆಟ್ಟಿನ ಬ್ಲ್ಯಾಕ್. ಅಮೆರಿಕದ ಒಂದು ಗ್ಯಾಲನ್ ಅಂದರೆ 3.785 ಲೀಟರ್, ತೂಕ 8.34 ಪೌಂಡ್. 40 ಗ್ಯಾಲನ್ ಟ್ಯಾಂಕ್ ತುಂಬಿದರೆ ಬರೀ ನೀರೇ 334 ಪೌಂಡ್, ಅಂದರೆ ಸುಮಾರು 150 ಕಿಲೋ. ಅಷ್ಟು ಭಾರ ಎಲ್ಲಿ ಕೂರುತ್ತದೆ ಅನ್ನುವುದರ ಮೇಲೆ ಹೆದ್ದಾರಿಯಲ್ಲಿ ಟ್ರೇಲರ್ ನೆಟ್ಟಗೆ ಬರುತ್ತದೋ ಬಾಲ ಅಲ್ಲಾಡಿಸುತ್ತದೋ ಅನ್ನುವುದು ನಿಂತಿದೆ.

ಟ್ರೇಲರ್‌ನ ಒಟ್ಟು ತೂಕದಲ್ಲಿ ಶೇ. 10ರಿಂದ 15ರಷ್ಟು ಮುಂದಿನ ಕೊಂಡಿಯ ಮೇಲೆ ಬೀಳಬೇಕು. ಲೆಕ್ಕ ಮಾಡಿ ನೋಡೋಣ. ಟ್ರೇಲರ್ 5,000 ಪೌಂಡ್, ಕೊಂಡಿಯ ಭಾರ 600 ಪೌಂಡ್, ಅಂದರೆ ಶೇ. 12. ಆಕ್ಸಲ್‌ನಿಂದ ಕೊಂಡಿಗೆ 14 ಅಡಿ. ಶುದ್ಧ ನೀರಿನ 40 ಗ್ಯಾಲನ್ ಟ್ಯಾಂಕ್ ಆಕ್ಸಲ್‌ಗಿಂತ 4 ಅಡಿ ಮುಂದೆ ಇದೆ, ಗ್ರೇ ಟ್ಯಾಂಕ್ 6 ಅಡಿ ಹಿಂದೆ. ಹೊರಡುವಾಗ ಮುಂದಿನ ಟ್ಯಾಂಕ್ ತುಂಬಿದೆ: 334ನ್ನು 4ರಿಂದ ಗುಣಿಸಿ 14ರಿಂದ ಭಾಗಿಸಿದರೆ ಅದು ಕೊಂಡಿಗೆ ಕೊಡುತ್ತಿರುವುದು 95 ಪೌಂಡ್. ಎರಡು ದಿನ ಸ್ನಾನ, ಪಾತ್ರೆ ಎಲ್ಲ ಆದಮೇಲೆ ಅದೇ ನೀರು ಹಿಂದಿನ ಗ್ರೇ ಟ್ಯಾಂಕಿಗೆ ಸೇರಿತು. ಈಗ ಆ 95 ಹೋಯಿತು, ಜೊತೆಗೆ ಹಿಂದಿನಿಂದ 143 ಪೌಂಡ್ ಕೊಂಡಿಯನ್ನು ಮೇಲಕ್ಕೆ ಎತ್ತುತ್ತಿದೆ. 600 ಇದ್ದದ್ದು 360ರ ಆಸುಪಾಸಿಗೆ, ಶೇ. 7ಕ್ಕೆ ಇಳಿಯಿತು. ಟ್ರೇಲರ್‌ನ ಒಟ್ಟು ತೂಕ ಮಾತ್ರ ಒಂದು ಪೌಂಡೂ ಬದಲಾಗಿಲ್ಲ. ಹೊರಡುವಾಗ ಚೆನ್ನಾಗಿ ಬಂದ ಗಾಡಿ ವಾಪಸು ಬರುವಾಗ ತೂರಾಡಲು ಇದೊಂದೇ ಕಾರಣ ಸಾಕು.

ಹಾಗಾಗಿ ಶುದ್ಧ ನೀರು ಮತ್ತು ಗ್ರೇ ಎರಡನ್ನೂ ಆಕ್ಸಲ್‌ಗೆ ಆದಷ್ಟು ಹತ್ತಿರ ಇಡಿ. ಶುದ್ಧ ನೀರಿನದು ಆಕ್ಸಲ್‌ಗೆ ತುಸು ಮುಂದೆ, ಗ್ರೇ ಅದರ ಬೆನ್ನಿಗೇ. ಬ್ಲ್ಯಾಕ್ ಟ್ಯಾಂಕಿಗೆ ಆಯ್ಕೆ ಇಲ್ಲ, ಅದು ಟಾಯ್ಲೆಟ್ಟಿನ ನೇರ ಕೆಳಗೇ ಇರಬೇಕು. ಬಾತ್‌ರೂಮ್ ಹಿಂದೆ ಇರುವ ಟ್ರೇಲರ್‌ನಲ್ಲಿ ಅದನ್ನು ಚಿಕ್ಕದಾಗಿಯೇ ಇಡಿ.

ಹಳೆಯ ಫ್ರೇಮುಗಳ ಆಳ ಕಡಿಮೆ, ಎಷ್ಟೋ ಕಡೆ 4–5 ಇಂಚು ಅಷ್ಟೇ. ಹಾಗಾಗಿ ಟ್ಯಾಂಕ್ ಅಗಲವಾಗಿ, ತೆಳ್ಳಗೆ ಇರಬೇಕಾಗುತ್ತದೆ. ಎಷ್ಟು ಹಿಡಿಯುತ್ತದೆ ಅಂತ ತಿಳಿಯಲು ಉದ್ದ, ಅಗಲ, ಎತ್ತರವನ್ನು ಇಂಚಿನಲ್ಲಿ ಗುಣಿಸಿ 231ರಿಂದ ಭಾಗಿಸಿ. 40, 24, 5 ಇಂಚಿನ ಟ್ಯಾಂಕ್ ಹತ್ತಿರಹತ್ತಿರ 21 ಗ್ಯಾಲನ್ ಹಿಡಿಯುತ್ತದೆ. ಫ್ರೇಮಿಗಿಂತ ಕೆಳಗೆ ಇಳಿಯುವ ಟ್ಯಾಂಕ್ ಹಾಕಿದರೆ ಜಾಗ ಸಿಗುತ್ತದೆ ನಿಜ. ಆದರೆ ರಸ್ತೆಯ ಕಲ್ಲು, ಪೆಟ್ರೋಲ್ ಬಂಕಿನ ದಿಣ್ಣೆ, ಚಳಿ, ಮೂರಕ್ಕೂ ಅದು ಒಡ್ಡಿಕೊಂಡಿರುತ್ತದೆ. ನನ್ನ ಮತ ಫ್ರೇಮಿನೊಳಗೆ ಎಷ್ಟು ಹಿಡಿಯುತ್ತದೋ ಅಷ್ಟರಲ್ಲೇ ತೃಪ್ತಿಪಡುವುದರ ಕಡೆಗಿದೆ.

ಬಿಚ್ಚುವ ಕೆಲಸ

ಪ್ರೋಪೇನ್ ಸಿಲಿಂಡರ್ ಮುಚ್ಚಿ ಕಳಚಿಡಿ. ಬ್ಯಾಟರಿ ಮತ್ತು 120 ವೋಲ್ಟ್ ಸಂಪರ್ಕ ಎರಡನ್ನೂ ತೆಗೆಯಿರಿ. ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಫ್ರೇಮಿನ ಮುಖ್ಯ ಕಂಬಿಗಳ ಕೆಳಗೆ ಜ್ಯಾಕ್ ಸ್ಟ್ಯಾಂಡ್ ನಿಲ್ಲಿಸಿ. ಟ್ರೇಲರ್‌ನ ಮೂಲೆಗಳಲ್ಲಿರುವ ಸ್ಟೆಬಿಲೈಜರ್ ಜ್ಯಾಕುಗಳು ಅಲುಗಾಟ ತಡೆಯುವುದಕ್ಕೆ ಮಾತ್ರ. ಅವುಗಳನ್ನು ನಂಬಿ ಕೆಳಗೆ ನುಸುಳಬೇಡಿ.

ಹೊಟ್ಟೆಯ ಅಲ್ಯೂಮಿನಿಯಂ ತಗಡಿನ ರಿವೆಟ್‌ಗಳನ್ನು ಡ್ರಿಲ್ ಮಾಡಿ ತೆಗೆದ ತಕ್ಷಣ ಹಳೆ ಫೈಬರ್‌ಗ್ಲಾಸ್ ಉಣ್ಣೆ, ಇಲಿಗೂಡು, ಹಿಕ್ಕೆ ಎಲ್ಲ ತಲೆಯ ಮೇಲೆ ಬೀಳುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಮೆರಿಕದ ಪಶ್ಚಿಮ ಭಾಗದಲ್ಲಿ ಡೀರ್ ಮೌಸ್ ಅನ್ನುವ ಇಲಿಯ ಹಿಕ್ಕೆ, ಮೂತ್ರದಿಂದ ಹಂಟಾವೈರಸ್ ಬರುತ್ತದೆ. ಒಣಗಿದ ಧೂಳು ಉಸಿರಿಗೆ ಹೋದರೆ ಸಾಕು, ಶ್ವಾಸಕೋಶಕ್ಕೆ ಇಳಿದು ಜೀವಕ್ಕೇ ಅಪಾಯ. ಒಣ ಪೊರಕೆಯಲ್ಲಿ ಗುಡಿಸಬೇಡಿ, ವ್ಯಾಕ್ಯೂಮ್ ಹಾಕಬೇಡಿ. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ, ಚೆನ್ನಾಗಿ ನೆನೆಯುವಂತೆ ಸಿಂಪಡಿಸಿ, ಐದು ನಿಮಿಷ ಬಿಟ್ಟು, ರಬ್ಬರ್ ಕೈಗವಸು ಹಾಕಿ ಒರೆಸಿ ತೆಗೆಯಿರಿ. ಮಾಸ್ಕ್, ಕನ್ನಡಕ ಇರಲೇಬೇಕು. ಹಾಗೆಯೇ ಆ ಕಾಲದ ವಿನೈಲ್ ಟೈಲ್‌ಗಳಲ್ಲೂ ಅವುಗಳ ಅಂಟಿನಲ್ಲೂ ಆಸ್ಬೆಸ್ಟಾಸ್ ಇರಬಹುದು. ಒಂದು ಚೂರನ್ನು ಲ್ಯಾಬಿಗೆ ಕಳಿಸಿ ಖಚಿತ ಮಾಡಿಕೊಳ್ಳುವವರೆಗೆ ಅದನ್ನು ಗರಗಸದಲ್ಲಿ ಕೊಯ್ಯುವುದಾಗಲಿ ಉಜ್ಜುವುದಾಗಲಿ ಬೇಡ.

ತೆಗೆದ ಹಳೆ ಪ್ಲೈವುಡ್ ತುಂಡುಗಳನ್ನು ಎಸೆಯಬೇಡಿ. ಪುಡಿಪುಡಿಯಾದ ಮೂಲೆಯೂ ಅಳತೆಗೆ ಬೇಕು. ಒಂದೊಂದರ ಮೇಲೂ "ಬಲ ಹಿಂದೆ", "ಎಡ ಚಕ್ರ" ಅಂತ ಮಾರ್ಕರ್‌ನಲ್ಲಿ ಬರೆದು ಗೋಡೆಗೆ ಒರಗಿಸಿಡಿ. ಏರ್‌ಸ್ಟ್ರೀಮ್‌ನ ದುಂಡು ಮೂಲೆಗಳನ್ನು ಬರೀ ಟೇಪಿನಲ್ಲಿ ಅಳೆದು ಕತ್ತರಿಸಲು ಆಗುವುದಿಲ್ಲ.

ಮೈಯನ್ನು ಪೂರ್ತಿ ಎತ್ತಿ ಪಕ್ಕಕ್ಕಿಟ್ಟು ನೆಲ ಹಾಕುವುದೋ, ಮೈ ಇದ್ದ ಹಾಗೇ ತುಂಡು ತುಂಡಾಗಿ ಹಾಕುವುದೋ ಎಂಬುದು ಇಲ್ಲಿ ತೀರ್ಮಾನವಾಗಬೇಕು. ಅರ್ಧಕ್ಕಿಂತ ಹೆಚ್ಚು ನೆಲ ಹೋಗಿದ್ದು, ಫ್ರೇಮೂ ತುಕ್ಕು ಹಿಡಿದಿದ್ದರೆ ಎತ್ತುವುದೇ ಸರಿ. ಅದಕ್ಕೆ ದೊಡ್ಡ ಶೆಡ್ ಮತ್ತು ಮೈಯ ಒಳಗೆ ಮರದ ಅಡ್ಡಪಟ್ಟಿ ಕೊಟ್ಟು ಆಕಾರ ಬಿಗಿಯುವ ತಾಳ್ಮೆ ಬೇಕು. ಹಿಂದಿನ ಕೆಲವು ಅಡಿ ಮಾತ್ರ ಹಾಳಾಗಿದ್ದರೆ ಮೈ ಇದ್ದಲ್ಲೇ ಇರಲಿ.

ಫ್ರೇಮ್

ಸುತ್ತಿಗೆಯಲ್ಲಿ ಪ್ರತಿ ಕಂಬಿಯನ್ನೂ ತಟ್ಟಿ ಕೇಳಿ. ಗಟ್ಟಿ ಉಕ್ಕು ಟಣ್ ಅನ್ನುತ್ತದೆ, ಒಳಗೊಳಗೇ ತಿಂದುಹೋದದ್ದು ಮಂದವಾಗಿ ಸದ್ದು ಮಾಡುತ್ತದೆ. ಮುಖ್ಯ ಕಂಬಿಯಿಂದ ಗೋಡೆಯ ಕಡೆಗೆ ಚಾಚಿರುವ ಅಡ್ಡ ತೋಳುಗಳೇ ಮೊದಲು ಹೋಗುವುದು, ಯಾಕೆಂದರೆ ನೆನೆದ ಉಣ್ಣೆ ವರ್ಷಗಟ್ಟಲೆ ಅವಕ್ಕೆ ತಗುಲಿಕೊಂಡಿರುತ್ತದೆ. ಅವನ್ನು ಬದಲಿಸುವ ವೆಲ್ಡಿಂಗ್ ಮತ್ತು ಟ್ಯಾಂಕಿನ ತೊಟ್ಟಿಲಿನ ವೆಲ್ಡಿಂಗ್ ಒಂದೇ ದಿನ, ಒಬ್ಬರೇ ಒಳ್ಳೆ ವೆಲ್ಡರ್ ಕೈಯಲ್ಲಿ ಮಾಡಿಸಿ. ಇದು ಕಲಿಯುವವರ ಕೆಲಸವಲ್ಲ.

ತೊಟ್ಟಿಲಿಗೆ ಆಂಗಲ್ ಕಬ್ಬಿಣದ ಚೌಕಟ್ಟು ಇರಲಿ, ಅದರ ಮೇಲೆ ಟ್ಯಾಂಕಿನ ಇಡೀ ತಳ ಕೂರುವಂತೆ ತಗಡು ಅಥವಾ ಸೀಲ್ ಮಾಡಿದ ಪ್ಲೈವುಡ್. ಪ್ಲಾಸ್ಟಿಕ್ ಟ್ಯಾಂಕಿನ ತಳ ನೀರು ತುಂಬಿದಾಗ ಜೋತುಬೀಳುತ್ತದೆ. ಬರೀ ಎರಡು ಪಟ್ಟಿಯ ಮೇಲೆ ನೇತುಹಾಕಿದರೆ ಅಲುಗಾಡಿ ಅಲುಗಾಡಿ ಪೈಪ್ ಕೂಡುವ ಜಾಗದಲ್ಲೇ ಬಿರುಕು ಬಿಡುತ್ತದೆ. ವೆಲ್ಡಿಂಗ್ ಮುಗಿದ ಮೇಲೆ ತಂತಿಯ ಬ್ರಷ್ಷಿನಿಂದ ತುಕ್ಕು ತೆಗೆದು, ತುಕ್ಕು ತಡೆಯುವ ಬಣ್ಣ ಎರಡು ಕೋಟ್ ಹೊಡೆಯಿರಿ. ಅಲ್ಯೂಮಿನಿಯಂ ಮತ್ತು ಉಕ್ಕು ನೇರ ತಗುಲುವ ಕಡೆಗಳಲ್ಲಿ ಬ್ಯುಟೈಲ್ ಟೇಪ್ ಅಂಟಿಸಿ. ಇಲ್ಲದಿದ್ದರೆ ತೇವ ಸಿಕ್ಕಾಗಲೆಲ್ಲ ಉಕ್ಕು ತಗುಲಿದ ಕಡೆ ಅಲ್ಯೂಮಿನಿಯಂ ಸವೆದುಹೋಗುತ್ತದೆ.

ಪ್ಲೈವುಡ್

ಆ ಕಾಲದ ಟ್ರೇಲರ್‌ಗಳಲ್ಲಿ ಹೆಚ್ಚಾಗಿ 5/8 ಇಂಚು ದಪ್ಪದ್ದು ಇರುತ್ತದೆ. ಕೊಳೆಯದ ಜಾಗದಲ್ಲಿ ಅಳೆದು ಅಷ್ಟೇ ದಪ್ಪದ್ದನ್ನು ತನ್ನಿ. ಗಟ್ಟಿ ಇರಲಿ ಅಂತ ದಪ್ಪ ಹೆಚ್ಚಿಸಿದರೆ ಹಳೆ ನೆಲ ಹೊಸ ನೆಲ ಸೇರುವಲ್ಲಿ ಮೆಟ್ಟಿಲಾಗುತ್ತದೆ, ಚಾನೆಲ್ ಎತ್ತರವೂ ತಪ್ಪುತ್ತದೆ. ಮರೈನ್ ಪ್ಲೈವುಡ್ ಎಲ್ಲಕ್ಕಿಂತ ಉತ್ತಮ. ನಮ್ಮೂರಿನ ಬಡಗಿಗಳು ಐಎಸ್ 710 ಅನ್ನುವ ದರ್ಜೆಯನ್ನು ಕೇಳುವಂತೆ ಇಲ್ಲಿ ಬಿಎಸ್ 1088 ಎಂದು ಕೇಳಬೇಕು. ಅಷ್ಟು ಖರ್ಚು ಬೇಡ ಅನ್ನುವವರು ಒಳಗೆ ಟೊಳ್ಳಿಲ್ಲದ ಎಕ್ಸ್‌ಟೀರಿಯರ್ ದರ್ಜೆಯದನ್ನು ಆರಿಸಿ, ಸೀಲ್ ಮಾಡುವುದರಲ್ಲಿ ಜಿಪುಣತನ ತೋರಬೇಡಿ. ಮರದ ಚಕ್ಕೆಗಳನ್ನು ಅಂಟಿಸಿ ಮಾಡುವ ಓಎಸ್‌ಬಿ ಬೇಡ, ಅದರ ಅಂಚು ನೀರು ಕುಡಿದು ಊದುತ್ತದೆ. ಪ್ರೆಷರ್ ಟ್ರೀಟೆಡ್ ಪ್ಲೈವುಡ್ ಅಂತೂ ಏರ್‌ಸ್ಟ್ರೀಮ್‌ಗೆ ಹತ್ತಿರವೂ ತರಬೇಡಿ. ಕೊಳೆಯದಿರಲೆಂದು ಅದಕ್ಕೆ ಕುಡಿಸಿರುವ ತಾಮ್ರದ ಲವಣ ಅಲ್ಯೂಮಿನಿಯಂ ಚಾನೆಲನ್ನೇ ಕೊರೆದುಹಾಕುತ್ತದೆ.

4 ಅಡಿ 8 ಅಡಿಯ ಹಲಗೆಯನ್ನು ಟ್ರೇಲರ್‌ಗೆ ಅಡ್ಡಲಾಗಿ ಹಾಕುತ್ತಾರೆ. ಮೈ ಇದ್ದ ಹಾಗೇ ಕೆಲಸ ಮಾಡುವಾಗ ಒಂದೇ ಹಲಗೆ ಎರಡೂ ಪಕ್ಕದ ಚಾನೆಲ್ ಅಡಿಗೆ ನುಗ್ಗುವುದಿಲ್ಲ. ನಡುವೆ ಎರಡು ಭಾಗ ಮಾಡಿ, ಒಂದೊಂದನ್ನೂ ಒಂದೊಂದು ಕಡೆಯಿಂದ ಜಾರಿಸಿ, ನಡುವಿನ ಸಂದಿಯ ಅಡಿಗೆ ಅಂಗೈ ಅಗಲದ ಪ್ಲೈವುಡ್ ಪಟ್ಟಿ ಕೊಟ್ಟು ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ಮತ್ತು ಸ್ಕ್ರೂ ಹಾಕಿ ಕೂಡಿಸಿ. ಉಳಿದ ಹಲಗೆಗಳ ನಡುವೆ 1/8 ಇಂಚು ಸಂದಿ ಬಿಟ್ಟು ಸೀಲಂಟ್ ತುಂಬಿ, ಮರ ಹಿಗ್ಗುವುದಕ್ಕೆ ಜಾಗ ಬೇಕು.

ಒಮ್ಮೆ ಒಣ ಜೋಡಣೆ ಮಾಡಿ ನೋಡಿ, ಬೋಲ್ಟ್, ಪೈಪು, ವೈರಿನ ತೂತುಗಳನ್ನೆಲ್ಲ ಗುರುತು ಹಾಕಿ ಕೊರೆದು, ಆಮೇಲೆ ಹೊರತೆಗೆದು ಸೀಲ್ ಮಾಡಿ. ಪ್ಲೈವುಡ್ ನೀರು ಕುಡಿಯುವುದು ಮುಖಕ್ಕಿಂತ ಹೆಚ್ಚಾಗಿ ಅಂಚಿನಿಂದ. ಅಂಚಿಗೆ ಎಪಾಕ್ಸಿ ಬಳಿದರೆ ಮೊದಲ ಕೋಟ್ ಕಣ್ಣೆದುರೇ ಒಳಗೆ ಇಂಗಿಹೋಗುತ್ತದೆ. ಹೊಳಪು ನಿಲ್ಲುವವರೆಗೆ ಎರಡು ಮೂರು ಸಲ ಬಳಿಯಿರಿ. ಬೋಲ್ಟ್ ತೂತುಗಳಿಗೆ ದೋಣಿ ಕಟ್ಟುವವರ ವಿಧಾನವೇ ಸರಿ: ಬೇಕಾದ್ದಕ್ಕಿಂತ ದೊಡ್ಡ ತೂತು ಕೊರೆದು, ಅದರ ತುಂಬ ದಪ್ಪ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟ್ ಅಳತೆಗೆ ಮತ್ತೆ ಕೊರೆಯುವುದು. ಆಗ ಬೋಲ್ಟ್ ಸುತ್ತ ಮರವೇ ಇರುವುದಿಲ್ಲ, ನೀರು ಬಂದರೂ ಹಿಡಿಯುವ ಜಾಗವಿಲ್ಲ. ಬಾತ್‌ರೂಮ್, ಬಾಗಿಲು, ಹಿಂದಿನ ಅಂಚು, ಟ್ಯಾಂಕ್ ಮೇಲಿನ ಜಾಗ, ಇಲ್ಲೆಲ್ಲ ಎರಡೂ ಮುಖಕ್ಕೆ ಎಪಾಕ್ಸಿ ಬಳಿಯಿರಿ.

ಹಲಗೆಯನ್ನು ಫ್ರೇಮಿಗೆ ಹಿಡಿಸಲು ಎಲಿವೇಟರ್ ಬೋಲ್ಟ್ ಬಳಸಿ. ಅದರ ತಲೆ ಅಗಲ, ಚಪ್ಪಟೆ. ನೆಲದ ಮಟ್ಟಕ್ಕೆ ಕೂರುತ್ತದೆ. ಆದರೆ ಟ್ಯಾಂಕಿನ ಮೇಲೆ ಬರುವ ಹಲಗೆಯನ್ನು ಈಗಲೇ ಕೊನೆಯದಾಗಿ ಬಿಗಿಯಬೇಡಿ.

ಟ್ಯಾಂಕ್ ಕೂರಿಸುವುದು

ಶುದ್ಧ ನೀರಿಗೆ ಕುಡಿಯುವ ನೀರಿನ ದರ್ಜೆಯ ಪಾಲಿಎಥಿಲೀನ್ ಟ್ಯಾಂಕ್ ಬೇಕು. ಪಾಲಿಎಥಿಲೀನ್‌ಗೆ ಯಾವ ಪೈಪ್ ಸಿಮೆಂಟೂ ಅಂಟುವುದಿಲ್ಲ. ಹಾಗಾಗಿ ಟ್ಯಾಂಕ್ ತರಿಸುವಾಗಲೇ ಚಿತ್ರ ಬರೆದು ಕೊಟ್ಟು, ಫಿಟ್ಟಿಂಗುಗಳನ್ನು ತಿರುಗಿಸಿ ಕರಗಿಸಿ ಬೆಸೆಯುವ ಸ್ಪಿನ್ ವೆಲ್ಡಿಂಗ್ ಮಾಡಿಸಿಕೊಳ್ಳಿ. ಗ್ರೇ, ಬ್ಲ್ಯಾಕ್‌ಗೆ ಎಬಿಎಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಟ್ಯಾಂಕ್ ಆದರೆ ಎಬಿಎಸ್ ಸಿಮೆಂಟ್ ಚೆನ್ನಾಗಿ ಹಿಡಿಯುತ್ತದೆ.

ಶುದ್ಧ ನೀರಿನ ಟ್ಯಾಂಕಿಗೆ ನಾಲ್ಕು ದಾರಿ ಬೇಕು: ತುಂಬುವ ಅಗಲ ಪೈಪು, ಗಾಳಿ ಹೋಗುವ ಸಣ್ಣ ಪೈಪು, ಪಂಪಿಗೆ ಹೋಗುವುದು, ಕೆಳಗಿನಿಂದ ಖಾಲಿ ಮಾಡುವುದು. ಗಾಳಿಯ ಪೈಪ್ ಬಾಗಿ ನೀರು ನಿಂತರೆ ತುಂಬುವಾಗ ನೀರು ಉಕ್ಕಿ ಮುಖಕ್ಕೇ ಎರಚುತ್ತದೆ. ಅದು ಟ್ಯಾಂಕಿನಿಂದ ಮೇಲಕ್ಕೆ ಒಂದೇ ಸಮನೆ ಏರಬೇಕು.

ಕೊಳೆನೀರಿನ ಕಡೆ ಎಲ್ಲವೂ ವಾಟದ ಮೇಲೆ ನಿಂತಿದೆ. ಅಡಿಗೆ 1/4 ಇಂಚು ವಾಟ ಕೊಡಿ. ಟ್ರೇಲರ್ ನಿಜವಾಗಿ ಮಟ್ಟವಾಗಿ ನಿಂತಿದೆಯೇ ಅಂತ ರಸಮಟ್ಟ ಇಟ್ಟು ನೋಡಿದ ಮೇಲೆಯೇ ಪೈಪಿನ ವಾಟ ಅಳೆಯಿರಿ. ಬ್ಲ್ಯಾಕ್ ಟ್ಯಾಂಕಿನಿಂದ 3 ಇಂಚಿನ ಪೈಪು, ಗ್ರೇಯಿಂದ ಒಂದೂವರೆ ಇಂಚಿನದು. ಎರಡಕ್ಕೂ ಬೇರೆ ಬೇರೆ ಗೇಟ್ ವಾಲ್ವ್ ಹಾಕಿ, ಅವುಗಳ ಆಚೆ ಒಂದೇ 3 ಇಂಚಿನ ಬಾಯಿಗೆ ಸೇರಿಸಿ. ಕೊಳೆನೀರು ಖಾಲಿ ಮಾಡುವ ಡಂಪ್ ಸ್ಟೇಷನ್‌ನಲ್ಲಿ ಮೊದಲು ಬ್ಲ್ಯಾಕ್, ಆಮೇಲೆ ಗ್ರೇ ಬಿಟ್ಟರೆ ಸೋಪಿನ ನೀರು ಹೋಸನ್ನು ತೊಳೆದುಕೊಂಡು ಹೋಗುತ್ತದೆ. ಎರಡೂ ಟ್ಯಾಂಕಿನಿಂದ ಚಾವಣಿಗೆ ಗಾಳಿಯ ಪೈಪು ಇರಲಿ. ಆ ಪೈಪಿನ ಕೆಳತುದಿ ಟ್ಯಾಂಕಿನ ಮೇಲ್ಭಾಗದಲ್ಲೇ ನಿಲ್ಲಬೇಕು. ತುಂಬ ಒಳಗೆ ಇಳಿದರೆ ಮಲಿನ ನೀರಿನಲ್ಲಿ ಮುಳುಗಿ, ಟಾಯ್ಲೆಟ್ ಒತ್ತಿದಾಗ ವಾಸನೆ ಒಳಗೇ ಬರುತ್ತದೆ. ಪ್ರತಿ ಸಿಂಕಿಗೂ ಷವರಿಗೂ ಪಿ-ಟ್ರ್ಯಾಪ್ (ನೀರು ನಿಂತು ವಾಸನೆ ತಡೆಯುವ ಬಾಗಿದ ಪೈಪು) ಬೇಕು.

ನೀರಿನ ಮಟ್ಟ ತೋರಿಸುವ, ಹೊರಮೈಗೆ ಅಂಟಿಸುವ ಸೆನ್ಸರ್‌ಗಳನ್ನು ಟ್ಯಾಂಕ್ ಮೇಲೇರಿಸುವ ಮುಂಚೆಯೇ ಅಂಟಿಸಿ ವೈರ್ ಎಳೆದಿಡಿ. ಆಮೇಲೆ ಕೈ ಹೋಗುವುದಿಲ್ಲ. ಟ್ಯಾಂಕ್ ಕೂತ ಮೇಲೆ ಅದರ ಅಂಚಿನ ಗೆರೆಯನ್ನು ಮೇಲಿನ ಪ್ಲೈವುಡ್ ಮೇಲೆ ದಪ್ಪ ಮಾರ್ಕರ್‌ನಲ್ಲಿ ಎಳೆದು, ಒಳಗೆ "ಇಲ್ಲಿ ಸ್ಕ್ರೂ ಬೇಡ" ಅಂತ ಬರೆಯಿರಿ. ನಾಳೆ ಮಂಚವನ್ನೋ ಅಡುಗೆಕಟ್ಟೆಯನ್ನೋ ನೆಲಕ್ಕೆ ಬಿಗಿಯುವವರು ಎರಡಿಂಚಿನ ಸ್ಕ್ರೂ ಇಳಿಸಿದರೆ ಅದು ನೇರ ಟ್ಯಾಂಕಿಗೇ ಹೋಗುತ್ತದೆ.

ಶುದ್ಧ ನೀರಿನ ಕೊಳಾಯಿಗೆ ಅರ್ಧ ಇಂಚಿನ ಪೆಕ್ಸ್ ಅನ್ನುವ ಪ್ಲಾಸ್ಟಿಕ್ ಪೈಪ್ ಸಾಕು. ಅದು ಬಾಗುತ್ತದೆ, ಹೆಪ್ಪುಗಟ್ಟಿದರೂ ತಾಮ್ರದಷ್ಟು ಬೇಗ ಒಡೆಯುವುದಿಲ್ಲ. 12 ವೋಲ್ಟಿನ ಪಂಪಿನ ಮುಂದೆ ಜಾಲರಿ ಫಿಲ್ಟರ್ ಇರಲೇಬೇಕು. ಹೊಸ ಟ್ಯಾಂಕಿನಲ್ಲಿ ಉಳಿದಿರುವ ಪ್ಲಾಸ್ಟಿಕ್ ಸಿಪ್ಪೆಯೇ ಪಂಪನ್ನು ಕೆಡಿಸಲು ಸಾಕು. ಕ್ಯಾಂಪ್‌ಗ್ರೌಂಡಿನ ನಲ್ಲಿಗೆ ಹೋಸ್ ಹಾಕುವಾಗ ನೀರಿನ ಒತ್ತಡವನ್ನು 40–50 ಪಿಎಸ್‌ಐಗೆ (ಚದರ ಇಂಚಿಗೆ ಇಷ್ಟು ಪೌಂಡ್) ಇಳಿಸುವ ಪ್ರೆಷರ್ ರೆಗ್ಯುಲೇಟರ್ ಬಳಸಿ.

ಮುಚ್ಚುವ ಮುಂಚೆ ತುಂಬಿಸಿ ನೋಡುವುದು

ಹೊಟ್ಟೆಯ ತಗಡು ಇನ್ನೂ ಬಿಚ್ಚಿಯೇ ಇರಲಿ. ಮೂರೂ ಟ್ಯಾಂಕ್ ಪೂರ್ತಿ ತುಂಬಿ. ಬ್ಲ್ಯಾಕ್ ಟ್ಯಾಂಕಿನಲ್ಲಿ ನೀರು ಟಾಯ್ಲೆಟ್ ಬುಡದವರೆಗೂ ಬರಲಿ, ಯಾಕೆಂದರೆ ಸೋರುವುದು ಸಾಮಾನ್ಯವಾಗಿ ಆ ಮೇಲಿನ ಸೇರುವೆಯೇ. ತುಂಬುವ ಮುಂಚೆ ತೊಟ್ಟಿಲಿನ ನಡುಭಾಗದಿಂದ ಫ್ರೇಮಿನ ಅಂಚಿಗೆ ಎಷ್ಟು ಅಂತರ ಇದೆ ಅಳೆದು ಬರೆದಿಡಿ, ತುಂಬಿದ ಮೇಲೆ ಮತ್ತೆ ಅಳೆಯಿರಿ. ಕಣ್ಣಿಗೆ ಕಾಣುವಷ್ಟು ಜೋತುಬಿದ್ದರೆ ಇನ್ನೊಂದು ಅಡ್ಡಪಟ್ಟಿ ಬೇಕು. 24 ಗಂಟೆ ಬಿಟ್ಟು ಪ್ರತಿ ಸೇರುವೆಗೂ ಒಣ ಟಿಶ್ಯೂ ಒತ್ತಿ ನೋಡಿ. ಕಣ್ಣಿಗೆ ಕಾಣದ ಜಿನುಗು ಕಾಗದದ ಮೇಲೆ ಕಾಣುತ್ತದೆ. ಆಮೇಲೆ ನಲ್ಲಿಗಳನ್ನೆಲ್ಲ ಮುಚ್ಚಿ ಪಂಪ್ ಹಾಕಿ. ಒತ್ತಡ ಬಂದು ನಿಂತ ಪಂಪು, ಯಾರೂ ನೀರು ಬಳಸದಿದ್ದರೂ ಆಗಾಗ ಗುರ್ ಅಂದರೆ ಎಲ್ಲೋ ಸೋರುತ್ತಿದೆ.

ಕುಡಿಯುವ ನೀರಿನ ಟ್ಯಾಂಕ್ ಶುದ್ಧ ಮಾಡಲು ಪ್ರತಿ 15 ಗ್ಯಾಲನ್‌ಗೆ ಕಾಲು ಕಪ್, ಅಂದರೆ ಸುಮಾರು 60 ಮಿಲಿಲೀಟರ್ ಸುವಾಸನೆ ಬೆರೆಸದ ಬ್ಲೀಚ್ ಲೆಕ್ಕ. 40 ಗ್ಯಾಲನ್‌ಗೆ 160 ಮಿಲಿಲೀಟರ್. ಮೊದಲು ನೀರಿನಲ್ಲಿ ಕಲಸಿ ಆಮೇಲೆ ಟ್ಯಾಂಕಿಗೆ ಸುರಿಯಿರಿ. ಬಿಸಿ, ತಣ್ಣೀರು ಎರಡೂ ನಲ್ಲಿಗಳಲ್ಲಿ ಬ್ಲೀಚ್ ವಾಸನೆ ಬರುವವರೆಗೆ ಬಿಟ್ಟು, ನಾಲ್ಕು ಗಂಟೆ ಹಾಗೇ ಇಟ್ಟು, ವಾಸನೆ ಪೂರ್ತಿ ಹೋಗುವವರೆಗೆ ತೊಳೆಯಿರಿ. ಚಳಿಗಾಲಕ್ಕೆ ಗಾಡಿ ನಿಲ್ಲಿಸುವಾಗ ಪೈಪುಗಳಿಗೆ ಹಾಕುವುದು ಗುಲಾಬಿ ಬಣ್ಣದ, ಪ್ರೋಪಿಲೀನ್ ಗ್ಲೈಕಾಲ್ ಇರುವ ಆರ್‌ವಿ ಆಂಟಿಫ್ರೀಜ್, ಅಂದರೆ ಇಂಥ ಮನೆ-ಗಾಡಿಗಳ ಪೈಪು ಹೆಪ್ಪುಗಟ್ಟದಂತೆ ತಡೆಯುವ ದ್ರವ. ಕಾರಿನ ಎಥಿಲೀನ್ ಗ್ಲೈಕಾಲ್ ವಿಷ. ಅದು ಈ ಪೈಪುಗಳ ಹತ್ತಿರ ಬರಬಾರದು.

ಇಷ್ಟಾದ ಮೇಲೆ ಟ್ಯಾಂಕಿನ ಮೇಲಿನ ಹಲಗೆ ಬಿಗಿಯಿರಿ. ಕೆಳಗೆ ಉಣ್ಣೆಯ ಬದಲು ಗಟ್ಟಿ ಫೋಮ್ ಹಲಗೆಗಳನ್ನು ಫ್ರೇಮಿನ ನಡುವೆ ಕೂರಿಸಿ; ಅದು ನೀರು ಹಿಡಿದಿಟ್ಟುಕೊಳ್ಳುವುದಿಲ್ಲ, ಇಲಿಗೂ ಉಣ್ಣೆಯಷ್ಟು ಇಷ್ಟವಲ್ಲ. ಹೊಟ್ಟೆಯ ತಗಡನ್ನು ಮತ್ತೆ ರಿವೆಟ್ ಹಾಕಿ ಮುಚ್ಚುವಾಗ ಅತಿ ತಗ್ಗಿನ ಜಾಗಗಳಲ್ಲಿ ಸಣ್ಣ ತೂತು ಬಿಡಿ. ಯಾವತ್ತಾದರೂ ಸೋರಿದರೆ ನೀರು ಒಳಗೆ ನಿಲ್ಲದೆ ನೆಲಕ್ಕೆ ತೊಟ್ಟಿಕ್ಕಿ ನಿಮಗೆ ಗೊತ್ತಾಗುತ್ತದೆ.

ಮೊದಲ ಪ್ರವಾಸಕ್ಕೆ ಮುಂಚೆ ಹೆದ್ದಾರಿಯ ಟ್ರಕ್ ಸ್ಟಾಪಿನ ತೂಕದ ಕಟ್ಟೆಗೆ ಹೋಗಿ. ಟ್ರೇಲರ್ ಕೊಂಡಿ ಹಾಕಿದಾಗ ನಿಮ್ಮ ವಾಹನದ ಎರಡೂ ಆಕ್ಸಲ್ ಮೇಲೆ ಬೀಳುವ ತೂಕದಿಂದ, ಟ್ರೇಲರ್ ಇಲ್ಲದೆ ವಾಹನವೊಂದರದೇ ತೂಕ ಕಳೆದರೆ ಬರುವುದು ಕೊಂಡಿಯ ಭಾರ. ಭಾರ ಹಂಚುವ ಸ್ಪ್ರಿಂಗ್ ಬಾರ್‌ಗಳಿದ್ದರೆ ಆ ಹೊತ್ತಿಗೆ ಬಿಚ್ಚಿರಲಿ. ಇದನ್ನು ಎರಡು ಸಲ ಮಾಡಿ: ಶುದ್ಧ ನೀರು ತುಂಬಿ ಗ್ರೇ ಖಾಲಿ ಇದ್ದಾಗ ಒಮ್ಮೆ, ಗ್ರೇ ತುಂಬಿ ಶುದ್ಧ ನೀರು ಖಾಲಿ ಇದ್ದಾಗ ಇನ್ನೊಮ್ಮೆ. ಆಕ್ಸಲ್ ಮತ್ತು ಟೈರ್ ಮೇಲೆ ಬರೆದಿರುವ ಮಿತಿ ಎರಡೂ ಸಲ ದಾಟಿರಬಾರದು. ಎರಡನೇ ತೂಕದಲ್ಲಿ ಕೊಂಡಿಯ ಭಾರ ಶೇ. 10ಕ್ಕಿಂತ ಕೆಳಗೆ ಬಂದರೆ ಭಾರದ ಸಾಮಾನನ್ನು ಆಕ್ಸಲ್‌ಗಿಂತ ಮುಂದಿನ ಕಪಾಟಿಗೆ ಸರಿಸಿ ಮತ್ತೆ ತೂಗಿ. ಆಗಲೂ ಸರಿಹೋಗದಿದ್ದರೆ, ಪ್ರತಿ ಸಲವೂ ಗ್ರೇ ಟ್ಯಾಂಕನ್ನು ಡಂಪ್ ಸ್ಟೇಷನ್‌ನಲ್ಲಿ ಖಾಲಿ ಮಾಡಿಯೇ ಹೆದ್ದಾರಿ ಹತ್ತಿ.